ಇಂಗ್ಲೆಂಡಿನ ಲೀಸ್‌ಹೋಲ್ಡ್ ಫ್ಲ್ಯಾಟ್: ಕೊಳ್ಳುವಾಗ, ಅವಧಿ ವಿಸ್ತರಿಸುವಾಗ, ಮಾರುವಾಗ ನೋಡಬೇಕಾದ ಕಾನೂನು

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕೊಂಡರೆ ಕ್ರಯಪತ್ರದಲ್ಲಿ ನೆಲದ ಅವಿಭಾಜ್ಯ ಪಾಲೂ ನಮೂದಾಗಿರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ಫ್ಲ್ಯಾಟುಗಳಲ್ಲಿ ಅಂಥ ಪಾಲು ಇರುವುದಿಲ್ಲ. ನೆಲ, ಹೊರಗೋಡೆ, ಸೂರು, ಮೆಟ್ಟಿಲು ಎಲ್ಲವೂ ಫ್ರೀಹೋಲ್ಡರ್, ಅಂದರೆ ಕಟ್ಟಡದ ಪೂರ್ಣ ಒಡೆಯನವು. ಇಂತಿಷ್ಟು ವರ್ಷ ಆ ಫ್ಲ್ಯಾಟನ್ನು ಅನುಭವಿಸುವ ಹಕ್ಕಷ್ಟೇ ನಿಮ್ಮದು, ಇದೇ ಲೀಸ್‌ಹೋಲ್ಡ್. ಅವಧಿ ಕರಗಿದಂತೆ ಆ ಹಕ್ಕಿನ ಬೆಲೆಯೂ ಕರಗುತ್ತದೆ.

ಆದ್ದರಿಂದ ನೀವು ದುಡ್ಡು ಕೊಡುತ್ತಿರುವುದು ಎರಡಕ್ಕೆ: ಉಳಿದಿರುವ ವರ್ಷಗಳಿಗೆ ಮತ್ತು ಲೀಸ್ ಪತ್ರದಲ್ಲಿರುವ ಷರತ್ತುಗಳಿಗೆ. ಅಡುಗೆಮನೆ, ಬಾಲ್ಕನಿ ನೋಡಿ ಮನಸೋತವರು ಇವೆರಡನ್ನೂ ಸಾಲಿಸಿಟರ್ (ಆಸ್ತಿ ವ್ಯವಹಾರದ ವಕೀಲ) ನೋಡಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ. ಸಾಲಿಸಿಟರ್ ವರದಿ ಕೈಗೆ ಬರುವ ಹೊತ್ತಿಗೆ ಸರ್ವೇ ಖರ್ಚು, ಮಾರ್ಟ್‌ಗೇಜ್ ಶುಲ್ಕ ಕಟ್ಟಿ ಆಗಿರುತ್ತದೆ, ಹಿಂದೆ ಸರಿಯಲು ಮನಸ್ಸು ಬರುವುದಿಲ್ಲ. ಆಫರ್ ಕೊಡುವ ಮೊದಲೇ ನೀವೇ ನೋಡಿಕೊಳ್ಳಬಹುದಾದ್ದು ಸಾಕಷ್ಟಿದೆ.

ಇಲ್ಲಿ ಹೇಳಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ ಅನ್ವಯ. ಸ್ಕಾಟ್ಲೆಂಡಿನಲ್ಲಿ ಫ್ಲ್ಯಾಟುಗಳನ್ನು ನೇರ ಒಡೆತನದಲ್ಲೇ ಕೊಳ್ಳುತ್ತಾರೆ, ಉತ್ತರ ಐರ್ಲೆಂಡಿನ ಕಾನೂನು ಬೇರೆ.

ಮೊದಲು ವರ್ಷ ಎಣಿಸಿ

ಜಾಹೀರಾತಿನಲ್ಲಿ "99 ವರ್ಷದ ಲೀಸ್" ಎಂದಿದ್ದರೆ 99 ವರ್ಷ ಉಳಿದಿದೆ ಎಂದುಕೊಳ್ಳಬೇಡಿ. ಅದು ಲೀಸ್ ಬರೆದಾಗಿನ ಒಟ್ಟು ಅವಧಿ ಇರಬಹುದು. ಸರ್ಕಾರಿ ಆಸ್ತಿ ನೋಂದಣಿ ಕಚೇರಿಯಾದ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯ ಜಾಲತಾಣದಲ್ಲಿ 7 ಪೌಂಡ್ ಕೊಟ್ಟರೆ ಟೈಟಲ್ ರಿಜಿಸ್ಟರ್ ಸಿಗುತ್ತದೆ. ಅದರಲ್ಲಿ ಲೀಸ್ ಬರೆದ ತಾರೀಕು ಮತ್ತು ಅವಧಿ ಶುರುವಾದ ತಾರೀಕು ಎರಡೂ ಇರುತ್ತವೆ, ಇವು ಬೇರೆ ಬೇರೆ ಆಗಿರುವುದೇ ಹೆಚ್ಚು. ಎಣಿಕೆ ಅವಧಿ ಶುರುವಾದ ತಾರೀಕಿನಿಂದ. ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25 ಈ ನಾಲ್ಕು ಇಂಗ್ಲಿಷರ ಹಳೆಯ ಬಾಡಿಗೆ ದಿನಗಳು, ಲೀಸ್‌ಗಳಲ್ಲಿ ಇವೇ ಮತ್ತೆ ಮತ್ತೆ ಕಾಣುತ್ತವೆ. 2008ರ ಜೂನ್ 24ರಿಂದ 99 ವರ್ಷ ಎಂದಿದ್ದರೆ ಆ ಲೀಸ್ 2107ರಲ್ಲಿ ಮುಗಿಯುತ್ತದೆ, 2027ರ ಜೂನ್‌ಗೆ 80 ವರ್ಷದ ಗೆರೆ ದಾಟುತ್ತದೆ. ಆ 80ರ ಮಹಿಮೆ ಮುಂದೆ ಬರುತ್ತದೆ.

ಉಳಿದ ಅವಧಿಯನ್ನು ಹೀಗೆ ನೋಡುವುದು ಒಳ್ಳೆಯದು. 100ಕ್ಕಿಂತ ಹೆಚ್ಚಿದ್ದರೆ ಸದ್ಯಕ್ಕೆ ನೆಮ್ಮದಿ. 80ರಿಂದ 90ರ ನಡುವೆ ಇದ್ದರೆ ವಿಸ್ತರಣೆಯ ಖರ್ಚನ್ನು ಈಗಲೇ ಬೆಲೆಯಲ್ಲಿ ಕಳೆದು ಆಫರ್ ಕೊಡಿ. 80ಕ್ಕಿಂತ ಕೆಳಗಿದ್ದರೆ ಮಾರುವವರೇ ವಿಸ್ತರಿಸಿ ಕೊಡಲಿ, ಇಲ್ಲವೇ ಕನಿಷ್ಠ ವಿಸ್ತರಣೆ ಕೇಳುವ ನೋಟಿಸನ್ನಾದರೂ ಅವರು ಕೊಟ್ಟು ನಿಮಗೆ ವರ್ಗಾಯಿಸಲಿ. 70ಕ್ಕಿಂತ ಕೆಳಗಿಳಿದರೆ ಸಾಲ ಕೊಡುವ ಬ್ಯಾಂಕುಗಳೇ ಕಡಿಮೆಯಾಗುತ್ತವೆ. ಪ್ರತಿ ಬ್ಯಾಂಕಿನದ್ದೂ ಬೇರೆ ನಿಯಮ. ಕೆಲವರು ಇಂದು ಎಷ್ಟು ವರ್ಷ ಇರಬೇಕು ಎಂದು ಕೇಳಿದರೆ, ಇನ್ನು ಕೆಲವರು ಸಾಲ ತೀರಿದ ಮೇಲೆ ಎಷ್ಟು ಉಳಿದಿರಬೇಕು ಎಂದು ಕೇಳುತ್ತಾರೆ. ನಿಮ್ಮ ಬ್ಯಾಂಕ್ ಒಪ್ಪಿದರೆ ಸಾಲದು, ನಾಳೆ ನಿಮ್ಮಿಂದ ಕೊಳ್ಳುವವರ ಬ್ಯಾಂಕೂ ಒಪ್ಪಬೇಕು.

"ಶೇರ್ ಆಫ್ ಫ್ರೀಹೋಲ್ಡ್" ಎಂಬ ಜಾಹೀರಾತು ಕಂಡರೂ ಈ ಎಣಿಕೆ ತಪ್ಪದು. ಫ್ರೀಹೋಲ್ಡ್ ಕಂಪನಿಯಲ್ಲಿ ನಿಮಗೊಂದು ಶೇರು ಇರುತ್ತದೆ ನಿಜ, ಆದರೆ ಫ್ಲ್ಯಾಟು ಇರುವುದು ಲೀಸ್‌ನಲ್ಲೇ. 65 ವರ್ಷ ಉಳಿದ ಶೇರ್ ಆಫ್ ಫ್ರೀಹೋಲ್ಡ್ ಫ್ಲ್ಯಾಟುಗಳೂ ಮಾರುಕಟ್ಟೆಯಲ್ಲಿ ಓಡಾಡುತ್ತವೆ. ಅಕ್ಕಪಕ್ಕದವರೆಲ್ಲ ಒಪ್ಪಿದರೆ ವಿಸ್ತರಣೆ ಸುಲಭ, ಅಷ್ಟೇ ವ್ಯತ್ಯಾಸ.

ಲೀಸ್ ಪತ್ರ ಓದುವ ಬಗೆ

ಲೀಸ್ 30–60 ಪುಟದ ಪತ್ರ. ಪೂರ್ತಿ ಓದಲಾಗದಿದ್ದರೆ ಈ ನಾಲ್ಕು ಜಾಗಗಳನ್ನಾದರೂ ಬಿಡಬೇಡಿ.

ಮೊದಲನೆಯದು ನಕ್ಷೆ ಮತ್ತು "ಡಿಮೈಸ್", ಅಂದರೆ ನಿಮಗೆ ಕೊಟ್ಟಿರುವ ಜಾಗದ ವಿವರಣೆ. ಕಿಟಕಿಯ ಚೌಕಟ್ಟು ಯಾರದು, ಗಾಜು ಯಾರದು, ಬಾಲ್ಕನಿ ಮತ್ತು ಮೇಲಟ್ಟ ಸೇರಿವೆಯೇ, ಪಾರ್ಕಿಂಗ್ ಜಾಗಕ್ಕೆ ಕೆಂಪು ಗೆರೆ ಇದೆಯೇ, ಇದನ್ನೆಲ್ಲ ನಕ್ಷೆಯನ್ನು ಕೈಯಲ್ಲಿ ಹಿಡಿದು ಫ್ಲ್ಯಾಟಿನಲ್ಲಿ ನಿಂತೇ ನೋಡಿ. ಏಜೆಂಟರು "ಲಾಫ್ಟ್ ಇದೆ" ಎಂದದ್ದು ಲೀಸ್‌ನಲ್ಲಿ ಇಲ್ಲದಿದ್ದರೆ ಅದು ಫ್ರೀಹೋಲ್ಡರ್‌ನದು. ಹಿಂದಿನವರು ಅಲ್ಲಿ ರೂಮು ಕಟ್ಟಿದ್ದರೆ ಆ ತಲೆನೋವೂ ನಿಮ್ಮದಾಗುತ್ತದೆ.

ಎರಡನೆಯದು ಗ್ರೌಂಡ್ ರೆಂಟ್, ಅಂದರೆ ಫ್ರೀಹೋಲ್ಡರ್‌ಗೆ ಕಟ್ಟುವ ನೆಲಬಾಡಿಗೆ. 2022ರ ಜೂನ್ 30ರಿಂದ ಈಚೆಗೆ ಹೊಸದಾಗಿ ಬರೆದ ಹೆಚ್ಚಿನ ವಸತಿ ಲೀಸ್‌ಗಳಲ್ಲಿ ಗ್ರೌಂಡ್ ರೆಂಟ್ ವಸೂಲಿ ಮಾಡುವಂತಿಲ್ಲ; ನಿವೃತ್ತರ ವಸತಿಗಳಿಗೆ ಇದು 2023ರ ಏಪ್ರಿಲ್ 1ರಿಂದ ಅನ್ವಯವಾಯಿತು. ಹಳೆಯ ಲೀಸ್‌ಗಳಲ್ಲಿ ಮಾತ್ರ ಅದು ಹಾಗೇ ಇದೆ. ಇಂದಿನ ಮೊತ್ತಕ್ಕಿಂತ ಅದು ಏರುವ ರೀತಿ ಮುಖ್ಯ. ವರ್ಷಕ್ಕೆ 250 ಪೌಂಡ್, 10 ವರ್ಷಕ್ಕೊಮ್ಮೆ ದುಪ್ಪಟ್ಟು ಎಂದಿದ್ದರೆ 50 ವರ್ಷದ ನಂತರ ಅದು 8,000 ಪೌಂಡ್. ಇಂಥ ಷರತ್ತಿರುವ ಫ್ಲ್ಯಾಟಿಗೆ ಅನೇಕ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಬೆಲೆಯ ಶೇ. 0.1ಕ್ಕಿಂತ ಹೆಚ್ಚು ಗ್ರೌಂಡ್ ರೆಂಟ್ ಇದ್ದರೂ ಪ್ರಶ್ನೆ ಏಳುತ್ತದೆ.

ಮೂರನೆಯದು ನಿರ್ಬಂಧಗಳು. ಬಾಡಿಗೆಗೆ ಕೊಡಬಹುದೇ, ಮರದ ನೆಲಹಾಸು ಹಾಕಬಹುದೇ, ನಾಯಿ ಬೆಕ್ಕು ಸಾಕಬಹುದೇ, ಗೋಡೆ ಒಡೆಯಲು ಒಪ್ಪಿಗೆ ಬೇಕೇ? ಅಡುಗೆಮನೆಯ ಗೋಡೆ ಒಡೆದು ಹಾಲ್‌ಗೆ ಸೇರಿಸಿದಂತೆ ಕಂಡರೆ "ಲೈಸೆನ್ಸ್ ಟು ಆಲ್ಟರ್" ಪತ್ರ ಕೇಳಿ. ಒಪ್ಪಿಗೆಯಿಲ್ಲದೆ ಹಿಂದಿನವರು ಮಾಡಿದ ಬದಲಾವಣೆಗೆ ಫ್ರೀಹೋಲ್ಡರ್ ನಿಮ್ಮನ್ನೇ ಕೇಳುತ್ತಾನೆ.

ನಾಲ್ಕನೆಯದು ಸರ್ವಿಸ್ ಚಾರ್ಜಿನ (ಕಟ್ಟಡದ ನಿರ್ವಹಣೆಯ ಖರ್ಚು) ಪಾಲು ಹಂಚುವ ಷರತ್ತು. ಎಲ್ಲ ಫ್ಲ್ಯಾಟುಗಳ ಪಾಲು ಕೂಡಿದರೆ ಶೇ. 100 ಆಗಬೇಕು. ಹಳೆಯ ಮನೆಗಳನ್ನು ಒಡೆದು ಫ್ಲ್ಯಾಟು ಮಾಡಿದ ಕಡೆ ಇದು 92 ಆಗುವುದೂ ಉಂಟು, 110 ಆಗುವುದೂ ಉಂಟು. ಕಡಿಮೆಯಾದರೆ ದುರಸ್ತಿಗೆ ಹಣ ಸಾಲುವುದಿಲ್ಲ. ಹೆಚ್ಚಾದರೆ ಜಗಳ. ಸರಿಪಡಿಸಲು "ಡೀಡ್ ಆಫ್ ವೇರಿಯೇಷನ್", ಅಂದರೆ ಲೀಸ್ ತಿದ್ದುವ ಪತ್ರ ಬೇಕು, ಅದಕ್ಕೆ ಎಲ್ಲರ ಸಹಿ ಬೇಕಾಗಬಹುದು.

ಸರ್ವಿಸ್ ಚಾರ್ಜ್: ಹಿಂದಿನದಕ್ಕಿಂತ ಮುಂದಿನದು ದೊಡ್ಡದು

ಮಾರುವವರ ಸಾಲಿಸಿಟರ್ ಎಲ್‌ಪಿಇ1 ಎಂಬ ನಮೂನೆಯ ಪ್ರಶ್ನಾವಳಿಗೆ ಕಟ್ಟಡದ ನಿರ್ವಹಣೆ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟರಿಂದ ಉತ್ತರ ತರಿಸುತ್ತಾರೆ. ಮಾರುವವರು ಸ್ವತಃ ತುಂಬುವುದು ಟಿಎ7 ನಮೂನೆ. ಎಲ್‌ಪಿಇ1 ಜೊತೆಗೆ ಮೂರು ವರ್ಷದ ಲೆಕ್ಕಪತ್ರ, ಈ ವರ್ಷದ ಬಜೆಟ್, ವಿಮಾ ಪತ್ರ, ಬೆಂಕಿ ಅಪಾಯದ ವರದಿ ಬರಬೇಕು. ಲೆಕ್ಕಪತ್ರದಲ್ಲಿ ನೋಡಬೇಕಾದ್ದು ರಿಸರ್ವ್ ಫಂಡ್. 40 ವರ್ಷ ಹಳೆಯ ಕಟ್ಟಡ, ಲಿಫ್ಟು ಮುದಿ, ಸೂರು ಸೋರುತ್ತಿದೆ, ಫಂಡಿನಲ್ಲಿ ಮೂರು ಕಾಸಿಲ್ಲ ಎಂದರೆ ಕಡಿಮೆ ಸರ್ವಿಸ್ ಚಾರ್ಜ್ ಎಂಬುದು ಸಂತೋಷದ ಸುದ್ದಿಯಲ್ಲ.

ದೊಡ್ಡ ಕಾಮಗಾರಿಗೆ ಒಬ್ಬೊಬ್ಬ ಲೀಸ್‌ಹೋಲ್ಡರ್ ಮೇಲೆ 250 ಪೌಂಡಿಗಿಂತ ಹೆಚ್ಚು ಬೀಳುವುದಾದರೆ, 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ ಸೆಕ್ಷನ್ 20ರ ಪ್ರಕಾರ ಮೊದಲೇ ನೋಟಿಸ್ ಕೊಟ್ಟು ಸಮಾಲೋಚನೆ ನಡೆಸಬೇಕು. ನಡೆಸದಿದ್ದರೆ ಟ್ರಿಬ್ಯೂನಲ್ ವಿನಾಯಿತಿ ಕೊಡದ ಹೊರತು ತಲಾ 250 ಪೌಂಡ್ ಮಾತ್ರ ವಸೂಲಿ ಮಾಡಬಹುದು. ವರ್ಷಕ್ಕೆ ತಲಾ 100 ಪೌಂಡ್ ಮೀರುವ ದೀರ್ಘಾವಧಿ ಗುತ್ತಿಗೆಗೂ ಇದೇ ನಿಯಮ. ಖರ್ಚಾಗಿ 18 ತಿಂಗಳೊಳಗೆ ಬಿಲ್ಲನ್ನೋ, ಖರ್ಚಾಗಿದೆ ಎಂಬ ಲಿಖಿತ ಸೂಚನೆಯನ್ನೋ ಕೊಡದಿದ್ದರೆ ಅದನ್ನು ಕೇಳುವ ಹಕ್ಕೂ ಹೋಗುತ್ತದೆ. ಆದ್ದರಿಂದ ಮಾರುವವರಿಗೆ ಕೇಳಬೇಕಾದ ಪ್ರಶ್ನೆ "ಬಾಕಿ ಇದೆಯೇ" ಎಂಬುದಷ್ಟೇ ಅಲ್ಲ. ಸೆಕ್ಷನ್ 20 ನೋಟಿಸ್ ಬಂದಿದೆಯೇ, ಬರುವ ಸೂಚನೆ ಇದೆಯೇ, ಬಂದರೆ ಯಾರು ಕಟ್ಟುವುದು ಎಂದು ಕೇಳಿ, ಉತ್ತರವನ್ನು ಕರಾರಿನಲ್ಲಿ ಬರೆಸಿ. ಲೆಕ್ಕ ಮುಗಿಯದ ವರ್ಷಕ್ಕಾಗಿ ಮಾರುವವರ ಹಣದಲ್ಲಿ ಒಂದು ಮೊತ್ತವನ್ನು ಸಾಲಿಸಿಟರ್ ಬಳಿ ಹಿಡಿದಿಡುವುದು ರೂಢಿ. ಇದನ್ನು "ರಿಟೆನ್ಷನ್" ಎನ್ನುತ್ತಾರೆ.

11 ಮೀಟರ್ ಮೀರಿದ ಕಟ್ಟಡ

ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿ ದುರಂತದ ನಂತರ ಬಂದ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ಇಂಗ್ಲೆಂಡಿನ ಲೀಸ್‌ಹೋಲ್ಡರ್‌ಗಳಿಗೆ ಒಂದು ರಕ್ಷಣೆ ಕೊಟ್ಟಿದೆ. ಕಟ್ಟಡ 11 ಮೀಟರ್ ಅಥವಾ ಐದು ಅಂತಸ್ತು ಇದ್ದು, ಲೀಸ್ "ಕ್ವಾಲಿಫೈಯಿಂಗ್" ಆಗಿದ್ದರೆ ಅಪಾಯಕಾರಿ ಕ್ಲ್ಯಾಡಿಂಗ್ (ಹೊರಗೋಡೆಯ ಹೊದಿಕೆ) ತೆಗೆಯುವ ಖರ್ಚನ್ನು ಲೀಸ್‌ಹೋಲ್ಡರ್ ಮೇಲೆ ಹಾಕುವಂತಿಲ್ಲ. ಉಳಿದ ಸುರಕ್ಷತಾ ದೋಷಗಳ ಖರ್ಚಿಗೂ ಮಿತಿ ಇದೆ: ಸಾಮಾನ್ಯ ಬೆಲೆಯ ಫ್ಲ್ಯಾಟಿಗೆ ಲಂಡನ್ನಿನಲ್ಲಿ 15,000, ಹೊರಗೆ 10,000 ಪೌಂಡ್, ತೀರಾ ದುಬಾರಿ ಫ್ಲ್ಯಾಟುಗಳಿಗೆ ಮಿತಿ ಇನ್ನೂ ಮೇಲೆ.

ಈ ಅರ್ಹತೆ ತೀರ್ಮಾನವಾಗುವುದು 2022ರ ಫೆಬ್ರವರಿ 14ರಂದು ಇದ್ದ ಸ್ಥಿತಿಯ ಮೇಲೆ. ಅಂದು ಮಾಲೀಕರಾಗಿದ್ದವರು ಅಲ್ಲೇ ವಾಸವಿದ್ದರೆ, ಇಲ್ಲವೇ ಅವರಿಗೆ ಬ್ರಿಟನ್ನಿನಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ಮನೆ ಇಲ್ಲದಿದ್ದರೆ ರಕ್ಷಣೆ ಉಂಟು. ಅಂದು ಹತ್ತು ಫ್ಲ್ಯಾಟು ಇಟ್ಟುಕೊಂಡು ಬಾಡಿಗೆಗೆ ಕೊಟ್ಟವರೊಬ್ಬರ ಕೈಯಲ್ಲಿತ್ತು ಎಂದಾದರೆ ನೀವು ಎಷ್ಟೇ ಬಡವರಾದರೂ ಆ ರಕ್ಷಣೆ ಪೂರ್ತಿ ಸಿಗುವುದಿಲ್ಲ. ಅದಕ್ಕೇ "ಲೀಸ್‌ಹೋಲ್ಡರ್ ಡೀಡ್ ಆಫ್ ಸರ್ಟಿಫಿಕೇಟ್" ಮತ್ತು "ಲ್ಯಾಂಡ್‌ಲಾರ್ಡ್ಸ್ ಸರ್ಟಿಫಿಕೇಟ್" ಎರಡನ್ನೂ ಪಡೆಯದೆ ಮುಂದುವರಿಯಬೇಡಿ. ಮಾರುವವರು ಫೆಬ್ರವರಿ 2022ರ ನಂತರ ಕೊಂಡವರಾದರೆ ಅವರ ಹಿಂದಿನವರ ಪತ್ರ ಬೇಕು, ಅವರನ್ನು ಹುಡುಕುವುದರಲ್ಲೇ ವಾರಗಳು ಕಳೆಯುತ್ತವೆ. ಹೊರಗೋಡೆಯ ಬೆಂಕಿ ಸುರಕ್ಷತೆಯ ಬಗ್ಗೆ ಬ್ಯಾಂಕು ಕೇಳುವ ಇಡಬ್ಲ್ಯೂಎಸ್1 ನಮೂನೆ ಇದಕ್ಕಿಂತ ಬೇರೆ. ಅದಕ್ಕೆ ಐದು ವರ್ಷದ ಆಯಸ್ಸು, ತಾರೀಕು ನೋಡಿ.

ಊರಿನ ಮನೆ ಮತ್ತು ಇಲ್ಲಿನ ತೆರಿಗೆ

ನಮ್ಮವರು ಎಡವುವ ಜಾಗ ಇದು. ಇಂಗ್ಲೆಂಡಿನ ಸ್ಟ್ಯಾಂಪ್ ಡ್ಯೂಟಿ ಲ್ಯಾಂಡ್ ಟ್ಯಾಕ್ಸ್ ಲೆಕ್ಕಕ್ಕೆ ಜಗತ್ತಿನ ಯಾವ ಮೂಲೆಯ ಮನೆಯೂ ಮನೆಯೇ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ನಿಮ್ಮ ಹೆಸರಿನಲ್ಲಿ ಮನೆ ಇದ್ದರೆ, ಅಥವಾ ಹಿಂದೆ ಇದ್ದು ಮಾರಿದ್ದರೂ, ಮೊದಲ ಬಾರಿ ಕೊಳ್ಳುವವರ ರಿಯಾಯಿತಿ ಇಲ್ಲ. ಈಗಲೂ ಇದ್ದು ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಹೆಚ್ಚಿದ್ದರೆ ಎರಡನೇ ಮನೆಯ ಶೇ. 5ರ ಹೆಚ್ಚುವರಿ ತೆರಿಗೆಯೂ ಬೀಳುತ್ತದೆ. ಒಟ್ಟಿಗೆ ಬಾಳುತ್ತಿರುವ ಗಂಡ ಹೆಂಡತಿಯರಲ್ಲಿ ಒಬ್ಬರ ಮನೆ ಇನ್ನೊಬ್ಬರ ಲೆಕ್ಕಕ್ಕೂ ಸೇರುತ್ತದೆ.

3,00,000 ಪೌಂಡಿನ ಫ್ಲ್ಯಾಟಿನ ಲೆಕ್ಕ ನೋಡಿ. ಎಲ್ಲೂ ಯಾವತ್ತೂ ಮನೆ ಇಲ್ಲದವರು ಕಟ್ಟುವುದು ಸೊನ್ನೆ. ಹಿಂದೊಮ್ಮೆ ಮನೆ ಇದ್ದು ಈಗ ಇಲ್ಲದವರು 5,000. ಊರಿನಲ್ಲಿ ಈಗಲೂ ಮನೆ ಇರುವವರು 20,000. ಕೊಳ್ಳುವ ಮುಂಚಿನ 12 ತಿಂಗಳಲ್ಲಿ ಬ್ರಿಟನ್ನಿನಲ್ಲಿ 183 ದಿನ ಇರದವರಿಗೆ ಇದರ ಮೇಲೆ ಶೇ. 2, ಅಂದರೆ ಇನ್ನೂ 6,000. ಖಾಲಿ ಸೈಟು, ತೋಟ, ಗದ್ದೆ ಇದಕ್ಕೆ ಸೇರವು, ವಾಸದ ಮನೆ ಮಾತ್ರ. ಕಳೆದ ಮೂರು ವರ್ಷದೊಳಗೆ ಪಿತ್ರಾರ್ಜಿತವಾಗಿ ಬಂದ, ಅರ್ಧ ಅಥವಾ ಅದಕ್ಕಿಂತ ಕಡಿಮೆ ಪಾಲಿಗೆ ಹೆಚ್ಚುವರಿ ತೆರಿಗೆಯಿಂದ ವಿನಾಯಿತಿ ಇದೆ. ಆದರೆ ಮೊದಲ ಖರೀದಿಯ ರಿಯಾಯಿತಿ ಆಗಲೂ ಹೋಗುತ್ತದೆ. ವೇಲ್ಸ್‌ನಲ್ಲಿ ತೆರಿಗೆಯ ಹೆಸರೂ ದರವೂ ಬೇರೆ. ಸಾಲಿಸಿಟರ್ ನಮೂನೆಯಲ್ಲಿ "ಬೇರೆ ಆಸ್ತಿ ಇದೆಯೇ" ಎಂಬ ಸಾಲಿಗೆ "ಇಲ್ಲಿ ಇಲ್ಲ" ಎಂಬ ಅರ್ಥದಲ್ಲಿ "ಇಲ್ಲ" ಎಂದು ಬರೆದರೆ, ಅದರ ಹೊಣೆ ನಿಮ್ಮದೇ.

ಅಪ್ಪ ಅಮ್ಮ ಹಣ ಕಳಿಸುವುದಾದರೆ ಆರು ತಿಂಗಳು ಮುಂಚೆಯೇ ಕಾಗದಪತ್ರ ಜೋಡಿಸಿ. ಭಾರತದಲ್ಲಿ ವಾಸಿಸುವ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸುವ) ಯೋಜನೆಯಡಿ ಕಳಿಸಬಹುದಾದ್ದು 2,50,000 ಡಾಲರ್. ಇಲ್ಲಿನ ಸಾಲಿಸಿಟರ್ ಹಣದ ಮೂಲ ಕೇಳುತ್ತಾರೆ: ಕೊಟ್ಟವರ ಪಾಸ್‌ಪೋರ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಜಮೀನು ಮಾರಿದ ಹಣವಾದರೆ ಕ್ರಯಪತ್ರ, ಅದು ಕನ್ನಡದಲ್ಲಿದ್ದರೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ. ಹಣ ವಾಪಸ್ ಕೇಳುವುದಿಲ್ಲ, ಮನೆಯಲ್ಲಿ ಹಕ್ಕು ಕೇಳುವುದಿಲ್ಲ ಎಂಬ ಪತ್ರಕ್ಕೆ ಅಪ್ಪ ಅಮ್ಮ ಸಹಿ ಹಾಕಬೇಕು. ನಾಲ್ಕೈದು ನೆಂಟರ ಖಾತೆಗಳಿಂದ ಚೂರು ಚೂರಾಗಿ ಬಂದ ಹಣಕ್ಕೆ ಪ್ರತಿಯೊಬ್ಬರ ದಾಖಲೆಯೂ ಬೇಕಾಗುತ್ತದೆ. ಅದರಿಂದಲೇ ತಿಂಗಳುಗಟ್ಟಲೆ ತಡವಾಗುವುದು.

ಎಕ್ಸ್‌ಚೇಂಜ್, ಕಂಪ್ಲೀಷನ್, ನಂತರದ ನೋಟಿಸುಗಳು

ನಮ್ಮಲ್ಲಿ ಮುಂಗಡ ಕೊಟ್ಟು ಕರಾರು ಮಾಡಿಕೊಂಡರೆ ಮಾತು ಗಟ್ಟಿ. ಇಲ್ಲಿ ಆಫರ್ ಒಪ್ಪಿದ ಮೇಲೂ ಎಕ್ಸ್‌ಚೇಂಜ್ (ಸಹಿಯಾದ ಕರಾರುಗಳ ವಿನಿಮಯ) ಆಗುವವರೆಗೆ ಯಾರು ಬೇಕಾದರೂ ಕೈಬಿಡಬಹುದು. ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಶೇ. 10 ಡಿಪಾಸಿಟ್ ಕಟ್ಟುತ್ತೀರಿ. ಆಮೇಲೆ ಹಿಂದೆ ಸರಿದರೆ ಅದು ಹೋಯಿತು.

ಕಂಪ್ಲೀಷನ್ (ಪೂರ್ತಿ ಹಣ ಕೊಟ್ಟು ಫ್ಲ್ಯಾಟು ಕೈಸೇರುವುದು) ಆದ 14 ದಿನದೊಳಗೆ ತೆರಿಗೆ ರಿಟರ್ನ್ ಸಲ್ಲಿಸಬೇಕು. ಲೀಸ್‌ಹೋಲ್ಡಿನಲ್ಲಿ ಇದರ ಮೇಲೆ ಇನ್ನಷ್ಟು ಕೆಲಸ ಇದೆ. ಫ್ರೀಹೋಲ್ಡರ್‌ಗೆ ವರ್ಗಾವಣೆಯ ನೋಟಿಸ್, ಬ್ಯಾಂಕ್ ಸಾಲದ ನೋಟಿಸ್, ಹಲವು ಲೀಸ್‌ಗಳಲ್ಲಿ "ಡೀಡ್ ಆಫ್ ಕವನೆಂಟ್", ಅಂದರೆ ಲೀಸ್ ಷರತ್ತು ಪಾಲಿಸುವೆನೆಂಬ ಪತ್ರ. ಟೈಟಲ್ ರಿಜಿಸ್ಟರಿನಲ್ಲಿ "ರಿಸ್ಟ್ರಿಕ್ಷನ್" ಇದ್ದರೆ ಮ್ಯಾನೇಜಿಂಗ್ ಏಜೆಂಟರ ಕಂಪ್ಲಯನ್ಸ್ ಸರ್ಟಿಫಿಕೇಟ್ ಇಲ್ಲದೆ ನಿಮ್ಮ ಹೆಸರಿಗೆ ನೋಂದಣಿ ಆಗುವುದಿಲ್ಲ. ಪ್ರತಿಯೊಂದಕ್ಕೂ ಶುಲ್ಕವಿದೆ. ಕೊಟೇಶನ್ ಕೇಳುವಾಗಲೇ ಇವುಗಳ ಒಟ್ಟು ಕೇಳಿಟ್ಟುಕೊಳ್ಳಿ.

ಗ್ರೌಂಡ್ ರೆಂಟ್, ಸರ್ವಿಸ್ ಚಾರ್ಜಿನ ಬಾಕಿ 350 ಪೌಂಡ್ ಮೀರಿದರೆ, ಅಥವಾ ಯಾವುದೇ ಮೊತ್ತ ಮೂರು ವರ್ಷಕ್ಕಿಂತ ಹೆಚ್ಚು ಉಳಿದರೆ, ಲೀಸನ್ನೇ ರದ್ದುಪಡಿಸುವ "ಫೋರ್‌ಫೀಚರ್" ದಾರಿ ಫ್ರೀಹೋಲ್ಡರ್‌ಗೆ ತೆರೆಯುತ್ತದೆ. ಕೋರ್ಟುಗಳು ಸುಲಭಕ್ಕೆ ಬಿಡುವುದಿಲ್ಲ. ಆದರೂ ಬಿಲ್ಲಿನ ಮೇಲೆ ತಕರಾರಿದ್ದರೆ ಕಟ್ಟದೆ ಕೂರುವ ಬದಲು "ತಕರಾರಿನೊಂದಿಗೆ ಕಟ್ಟುತ್ತಿದ್ದೇನೆ" ಎಂದು ಬರೆದು ಕಟ್ಟಿ, ಟ್ರಿಬ್ಯೂನಲ್‌ಗೆ ಹೋಗುವುದೇ ಜಾಣತನ.

ಅವಧಿ ವಿಸ್ತರಣೆ: ಗಡಿಯಾರ ಮತ್ತು ಲೆಕ್ಕ

1993ರ ಲೀಸ್‌ಹೋಲ್ಡ್ ರಿಫಾರ್ಮ್ ಕಾಯ್ದೆಯ ಪ್ರಕಾರ, ಮೂಲದಲ್ಲಿ 21 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಬರೆದ ಲೀಸ್ ಇರುವ ಫ್ಲ್ಯಾಟಿನ ಮಾಲೀಕರು ಉಳಿದ ವರ್ಷಗಳ ಮೇಲೆ ಇನ್ನೂ 90 ವರ್ಷ ಕೇಳಿ ಪಡೆಯಬಹುದು. ಗ್ರೌಂಡ್ ರೆಂಟ್ ಸೊನ್ನೆಯಾಗುತ್ತದೆ. ಫ್ರೀಹೋಲ್ಡರ್‌ಗೆ ಕೊಡುವ ಮೊತ್ತವೇ "ಪ್ರೀಮಿಯಂ". 2024ರ ಲೀಸ್‌ಹೋಲ್ಡ್ ಸುಧಾರಣಾ ಕಾಯ್ದೆ ಈ 90ನ್ನು 990 ಮಾಡಿ ಪ್ರೀಮಿಯಂ ಲೆಕ್ಕವನ್ನೂ ಹಗುರ ಮಾಡುತ್ತದೆ, ಆದರೆ ಈ ಲೇಖನದ ಹೊತ್ತಿಗೆ ಆ ಭಾಗಗಳು ಜಾರಿಗೆ ಬಂದಿಲ್ಲ. ಜಾರಿಯಾಗಿರುವುದು ಇನ್ನೊಂದು: ಎರಡು ವರ್ಷ ಮಾಲೀಕರಾಗಿದ್ದರೆ ಮಾತ್ರ ವಿಸ್ತರಣೆ ಕೇಳಬಹುದು ಎಂಬ ಹಳೆಯ ನಿಯಮ 2025ರ ಜನವರಿ 31ರಂದು ರದ್ದಾಯಿತು.

ಪ್ರೀಮಿಯಂ ಹೇಗೆ ಹುಟ್ಟುತ್ತದೆ ಎಂದು ಒಂದು ಉದಾಹರಣೆಯಲ್ಲಿ ನೋಡೋಣ. ವಿಸ್ತರಿಸಿದ ಮೇಲೆ 4,00,000 ಪೌಂಡ್ ಬಾಳುವ ಫ್ಲ್ಯಾಟು, ವರ್ಷಕ್ಕೆ 100 ಪೌಂಡ್ ಗ್ರೌಂಡ್ ರೆಂಟ್, 81 ವರ್ಷ ಉಳಿದಿದೆ. 81 ವರ್ಷದ ನಂತರ ಕೈಸೇರಬೇಕಿದ್ದ ಫ್ಲ್ಯಾಟು ಫ್ರೀಹೋಲ್ಡರ್‌ಗೆ ಇಂದು ಎಷ್ಟು ಬೆಲೆ? ಫ್ಲ್ಯಾಟುಗಳಿಗೆ ಸಾಮಾನ್ಯವಾಗಿ ಬಳಸುವ ಶೇ. 5ರ ದರದಲ್ಲಿ ಹಿಂದಕ್ಕೆ ಎಣಿಸಿದರೆ ಸುಮಾರು 7,690 ಪೌಂಡ್. ಅಷ್ಟು ವರ್ಷದ ಗ್ರೌಂಡ್ ರೆಂಟಿನ ಇಂದಿನ ಬೆಲೆ, ಶೇ. 6ರಲ್ಲಿ, ಸುಮಾರು 1,650. ವಿಸ್ತರಣೆಯ ನಂತರವೂ ಫ್ರೀಹೋಲ್ಡರ್‌ಗೆ ಉಳಿಯುವ ಚಿಲ್ಲರೆ ಬೆಲೆ ನೂರರ ಆಸುಪಾಸು, ಅದನ್ನು ಕಳೆಯಬೇಕು. ಒಟ್ಟು ಸುಮಾರು 9,240 ಪೌಂಡ್.

ಅದೇ ಫ್ಲ್ಯಾಟು 78 ವರ್ಷಕ್ಕೆ ಇಳಿದಿದೆ ಎನ್ನಿ. ಮೇಲಿನ ರೀತಿಯ ಲೆಕ್ಕ ಸುಮಾರು 10,440 ಆಗುತ್ತದೆ. ಅಲ್ಲಿಗೆ ಮುಗಿಯದು. ಉಳಿದ ಅವಧಿ 80 ವರ್ಷ ಮೀರಿರದಿದ್ದರೆ "ಮ್ಯಾರೇಜ್ ವ್ಯಾಲ್ಯೂ" ಸೇರುತ್ತದೆ. ವಿಸ್ತರಣೆಯಿಂದ ಎರಡೂ ಕಡೆಯ ಒಟ್ಟು ಬೆಲೆ ಎಷ್ಟು ಏರಿತೋ ಅದರ ಅರ್ಧ ಫ್ರೀಹೋಲ್ಡರ್‌ಗೆ. 78 ವರ್ಷದ ಲೀಸ್ ಇರುವ ಈ ಫ್ಲ್ಯಾಟಿನ ಈಗಿನ ಬೆಲೆ 3,76,000 ಎಂದು ಇಟ್ಟುಕೊಂಡರೆ ಏರಿಕೆ ಸುಮಾರು 13,560, ಅರ್ಧ 6,780. ಒಟ್ಟು ಪ್ರೀಮಿಯಂ 17,200 ದಾಟಿತು. ಮೂರು ವರ್ಷ ಸುಮ್ಮನಿದ್ದುದರ ಬೆಲೆ ಸುಮಾರು 8,000 ಪೌಂಡ್. ಆ 3,76,000 ಎಂಬ ಅಂಕಿಯೇ ಎರಡೂ ಕಡೆಯ ವ್ಯಾಲ್ಯುವರ್‌ಗಳು (ಬೆಲೆ ಕಟ್ಟುವ ತಜ್ಞರು) ಗುದ್ದಾಡುವ ಜಾಗ. ಲೀಸ್ ಗಿಡ್ಡವಾದಷ್ಟೂ ಆ ಗುದ್ದಾಟ ದೊಡ್ಡದು.

ಮ್ಯಾರೇಜ್ ವ್ಯಾಲ್ಯೂವನ್ನು 2024ರ ಕಾಯ್ದೆ ತೆಗೆದುಹಾಕಿದೆ, ಆದರೆ ಜಾರಿಯಾಗಿಲ್ಲ. ಇದರ ವಿರುದ್ಧ ಫ್ರೀಹೋಲ್ಡರ್‌ಗಳು ಹೂಡಿದ್ದ ಮೊಕದ್ದಮೆಯನ್ನು ಹೈಕೋರ್ಟ್ 2025ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಹಾಗಾದರೆ ಕಾಯಬೇಕೇ? ನಮ್ಮ ಅಭಿಪ್ರಾಯ ಹೀಗೆ: 81–83 ವರ್ಷ ಉಳಿದಿದ್ದರೆ ಕಾಯಬೇಡಿ, ಗೆರೆ ದಾಟುವ ಮೊದಲು ನೋಟಿಸ್ ಕೊಡಿ. ಈಗಾಗಲೇ 70ರ ಆಸುಪಾಸಿಗೆ ಇಳಿದಿದ್ದು, ಮಾರುವ ಯೋಚನೆಯಾಗಲಿ ಹೊಸ ಸಾಲದ ಅಗತ್ಯವಾಗಲಿ ಇಲ್ಲದಿದ್ದರೆ ಕಾಯುವುದರಲ್ಲಿ ಅರ್ಥವಿದೆ. ಮಾರಲೇಬೇಕಿದ್ದರೆ ಕಾಯುವ ಮಾತೇ ಇಲ್ಲ.

ವಿಸ್ತರಣೆಯ ಹೆಜ್ಜೆಗಳು ಇವು:

1. ಲೀಸ್ ವಿಸ್ತರಣೆಯಲ್ಲಿ ಪಳಗಿದ ಸಾಲಿಸಿಟರ್ ಮತ್ತು ವ್ಯಾಲ್ಯುವರ್ ಇಬ್ಬರನ್ನೂ ನೇಮಿಸಿ. ಮನೆ ಕೊಂಡಾಗಿನ ಅಗ್ಗದ ಆನ್‌ಲೈನ್ ಕನ್ವೇಯನ್ಸರ್ ಇದಕ್ಕೆ ಬೇಡ.

2. ನೋಟಿಸ್ ಯಾರಿಗೆ ಕೊಡಬೇಕು ಎಂದು ಕಂಡುಕೊಳ್ಳಿ. ಫ್ರೀಹೋಲ್ಡರ್ ಮತ್ತು ನಿಮ್ಮ ನಡುವೆ ಇನ್ನೊಬ್ಬ ಹೆಡ್ ಲೀಸ್ ಇಟ್ಟುಕೊಂಡವನಿರಬಹುದು. ಹೊಸ 90 ವರ್ಷ ಕೊಡುವಷ್ಟು ದೀರ್ಘ ಹಕ್ಕು ಯಾರಿಗಿದೆಯೋ ಅವನೇ "ಕಾಂಪಿಟೆಂಟ್ ಲ್ಯಾಂಡ್‌ಲಾರ್ಡ್". ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

3. 1993ರ ಕಾಯ್ದೆಯ ಸೆಕ್ಷನ್ 42ರಡಿ ವಿಸ್ತರಣೆ ಕೇಳುವ ನೋಟಿಸ್ ಕೊಡಿ. ನೀವು ಕೊಡಲು ಸಿದ್ಧವಿರುವ ಮೊತ್ತ ಅದರಲ್ಲಿರಬೇಕು. ಹಾಸ್ಯಾಸ್ಪದವಾಗಿ ಕಡಿಮೆ ಬರೆದರೆ ನೋಟಿಸೇ ಅಸಿಂಧು ಎಂಬ ವಾದ ಬರುತ್ತದೆ. ನೋಟಿಸ್ ಕೊಟ್ಟ ದಿನದ ಬೆಲೆ, ಅಂದು ಉಳಿದಿದ್ದ ವರ್ಷಗಳೇ ಲೆಕ್ಕಕ್ಕೆ ಗಟ್ಟಿ, ಮಾತುಕತೆ ಎಷ್ಟು ತಿಂಗಳು ಎಳೆದರೂ ಸರಿ. ನೋಟಿಸನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲೂ ದಾಖಲಿಸಿ, ಫ್ರೀಹೋಲ್ಡ್ ಕೈಬದಲಾದರೂ ಹೊಸಬರು ಅದಕ್ಕೆ ಬದ್ಧರಾಗುತ್ತಾರೆ.

4. ಫ್ರೀಹೋಲ್ಡರ್ ಕೇಳಿದರೆ ಡಿಪಾಸಿಟ್ ಕಟ್ಟಿ: 250 ಪೌಂಡ್ ಅಥವಾ ನೀವು ಬರೆದ ಪ್ರೀಮಿಯಂನ ಶೇ. 10, ಯಾವುದು ಹೆಚ್ಚೋ ಅದು. ಫ್ರೀಹೋಲ್ಡರ್‌ನ ವಕೀಲ ಮತ್ತು ವ್ಯಾಲ್ಯುವರ್ ಖರ್ಚೂ, ನ್ಯಾಯಯುತವಾದಷ್ಟು, ಇವತ್ತಿನ ಕಾನೂನಿನಲ್ಲಿ ನಿಮ್ಮ ತಲೆ ಮೇಲೆಯೇ.

5. ಉತ್ತರವಾಗಿ ಕೌಂಟರ್ ನೋಟಿಸ್ ಕೊಡಲು ಫ್ರೀಹೋಲ್ಡರ್‌ಗೆ ಕನಿಷ್ಠ ಎರಡು ತಿಂಗಳ ಗಡುವು. ಅವನು ಕೊಡದಿದ್ದರೆ ಆರು ತಿಂಗಳೊಳಗೆ ಕೌಂಟಿ ಕೋರ್ಟಿಗೆ ಹೋಗಿ ನಿಮ್ಮ ಮೊತ್ತಕ್ಕೇ ವಿಸ್ತರಣೆ ಪಡೆಯಬಹುದು.

6. ಕೌಂಟರ್ ನೋಟಿಸ್ ಬಂದ ಎರಡು ತಿಂಗಳ ನಂತರ, ಆರು ತಿಂಗಳು ತುಂಬುವುದರೊಳಗೆ, ಒಪ್ಪಂದ ಕುದುರದಿದ್ದರೆ ಇಂಗ್ಲೆಂಡಿನಲ್ಲಿ ಫಸ್ಟ್-ಟಿಯರ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿ. ಮಾತುಕತೆ ಚೆನ್ನಾಗಿ ನಡೆಯುತ್ತಿದೆ ಎಂದು ಈ ತಾರೀಕು ಬಿಟ್ಟವರೇ ಹೆಚ್ಚು ಕಳೆದುಕೊಳ್ಳುವವರು. ಗಡುವು ದಾಟಿದರೆ ನೋಟಿಸ್ ಹಿಂಪಡೆದಂತೆ, 12 ತಿಂಗಳು ಹೊಸದು ಕೊಡುವಂತಿಲ್ಲ, ಅಷ್ಟರಲ್ಲಿ 80ರ ಗೆರೆ ದಾಟಿರಬಹುದು. ಅರ್ಜಿ ಹಾಕಿದ ಮಾತ್ರಕ್ಕೆ ವಿಚಾರಣೆವರೆಗೆ ಹೋಗಬೇಕಿಲ್ಲ, ಬಹಳಷ್ಟು ಪ್ರಕರಣ ಅದಕ್ಕೆ ಮೊದಲೇ ಇತ್ಯರ್ಥವಾಗುತ್ತವೆ.

7. ಷರತ್ತುಗಳು ಒಪ್ಪಿತವಾದ ಮೇಲೂ ಗಡುವಿದೆ: ಎರಡು ತಿಂಗಳಲ್ಲಿ ಹೊಸ ಲೀಸ್ ಸಹಿಯಾಗದಿದ್ದರೆ ಮುಂದಿನ ಎರಡು ತಿಂಗಳೊಳಗೆ ಕೋರ್ಟಿಗೆ ಅರ್ಜಿ.

8. ವಿಸ್ತರಣೆ ಎಂದರೆ ಕಾನೂನಿನಲ್ಲಿ ಹಳೆಯ ಲೀಸ್ ಒಪ್ಪಿಸಿ ಹೊಸದು ಪಡೆಯುವುದು. ಸಾಲವಿದ್ದರೆ ಬ್ಯಾಂಕಿಗೆ ತಿಳಿಸಿ, ಹೊಸ ಲೀಸನ್ನು ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು.

ಫ್ರೀಹೋಲ್ಡರ್ ಪತ್ತೆಯೇ ಇಲ್ಲದಿದ್ದರೆ ಕೌಂಟಿ ಕೋರ್ಟಿನಿಂದ ವೆಸ್ಟಿಂಗ್ ಆರ್ಡರ್ (ವಿಸ್ತರಣೆ ಕೊಡಿಸುವ ಆದೇಶ) ಪಡೆದು ಕೆಲಸ ಮುಗಿಸಬಹುದು. ಹುಡುಕಿದ ಪ್ರಯತ್ನಗಳ ದಾಖಲೆ ಇಟ್ಟುಕೊಳ್ಳಿ.

ನೋಟಿಸಿಲ್ಲದೆ ನೇರ ಮಾತಿನಲ್ಲಿ ಮುಗಿಸೋಣ ಎಂದು ಫ್ರೀಹೋಲ್ಡರ್ ಆಫರ್ ಕಳಿಸಿದರೆ ಬೆಲೆಯೊಂದನ್ನೇ ನೋಡಬೇಡಿ. ಒಟ್ಟು ಅವಧಿಯನ್ನು 99 ಅಥವಾ 125 ವರ್ಷಕ್ಕೆ ಮಾತ್ರ ಏರಿಸಿ, ಹಳೆಯ ಅವಧಿ ಮುಗಿಯುವವರೆಗೆ ಹಳೆಯ ಗ್ರೌಂಡ್ ರೆಂಟ್ ಉಳಿಸಿಕೊಳ್ಳುವ ಆಫರ್‌ಗಳು ಬರುತ್ತವೆ. ಅದರಲ್ಲಿ ಗಡುವಿಲ್ಲ, ಅವನು ಯಾವ ದಿನವಾದರೂ ಹಿಂದೆ ಸರಿಯಬಹುದು. 80 ಹತ್ತಿರವಿದ್ದಾಗ ಮಾತಿನಲ್ಲೇ ಕಾಲ ತಳ್ಳುವುದು ಅವನಿಗೇ ಲಾಭ.

ಮಾರುವವರಿಗೆ

ಏಜೆಂಟರಿಗೆ ಫ್ಲ್ಯಾಟು ಒಪ್ಪಿಸುವ ದಿನವೇ ಎಲ್‌ಪಿಇ1 ಪ್ಯಾಕ್‌ಗೆ ಹಣ ಕಟ್ಟಿ ತರಿಸಿ. ಕೊಳ್ಳುವವರು ಸಿಕ್ಕ ಮೇಲೆ ಕೇಳಿದರೆ ಮ್ಯಾನೇಜಿಂಗ್ ಏಜೆಂಟರ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಕೊಳ್ಳುವವರ ಮಾರ್ಟ್‌ಗೇಜ್ ಆಫರ್ ಅವಧಿಯೂ ಓಡುತ್ತಿರುತ್ತದೆ. ಬಾಕಿ ತೀರಿಸಿ, ರಸೀದಿ, ಬದಲಾವಣೆಗಳಿಗೆ ಸಿಕ್ಕ ಒಪ್ಪಿಗೆ ಪತ್ರ, ಕಿಟಕಿ ಬದಲಿಸಿದ್ದರೆ ಫೆನ್ಸಾ ಸರ್ಟಿಫಿಕೇಟ್ ಜೋಡಿಸಿಡಿ. ಶೇರ್ ಆಫ್ ಫ್ರೀಹೋಲ್ಡ್ ಆದರೆ ಶೇರ್ ಸರ್ಟಿಫಿಕೇಟ್ ಹುಡುಕಿಟ್ಟುಕೊಳ್ಳಿ, ಕಂಪ್ಲೀಷನ್ ಹಿಂದಿನ ದಿನ ಅದಕ್ಕಾಗಿ ಮನೆ ಜಾಲಾಡುವುದು ಮಾಮೂಲು.

ಲೀಸ್ ಗಿಡ್ಡವಿದ್ದು ವಿಸ್ತರಣೆ ಮುಗಿಸುವಷ್ಟು ಕಾಲವಿಲ್ಲದಿದ್ದರೆ, ನೀವು ಸೆಕ್ಷನ್ 42 ನೋಟಿಸ್ ಕೊಟ್ಟು ಅದರ ಲಾಭವನ್ನು ಕೊಳ್ಳುವವರಿಗೆ ವರ್ಗಾಯಿಸಬಹುದು. ಎರಡು ವರ್ಷದ ನಿಯಮ ಹೋದ ಮೇಲೂ ಇದಕ್ಕೆ ಬೆಲೆ ಇದೆ. ಕೊಂಡವರ ಹೆಸರು ರಿಜಿಸ್ಟ್ರಿಯಲ್ಲಿ ಏರಲು ತಿಂಗಳುಗಳು ಹಿಡಿಯಬಹುದು, ಅಲ್ಲಿವರೆಗೆ ಅವರು ತಾವೇ ನೋಟಿಸ್ ಕೊಡುವುದು ತೊಡಕು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಕ್ರಮ ತಪ್ಪಬಾರದು: ಕಂಪ್ಲೀಷನ್‌ಗೆ ಮುಂಚೆ ನೋಟಿಸ್ ಫ್ರೀಹೋಲ್ಡರ್‌ಗೆ ತಲುಪಿರಬೇಕು, ಲೀಸ್ ವರ್ಗಾವಣೆ ಮತ್ತು ನೋಟಿಸಿನ ವರ್ಗಾವಣೆ ಒಟ್ಟಿಗೆ ಆಗಬೇಕು. ಲೀಸ್ ಒಂದನ್ನೇ ವರ್ಗಾಯಿಸಿದರೆ ನೋಟಿಸ್ ಅಲ್ಲಿಗೇ ಸತ್ತಂತೆ.

ಫ್ಲ್ಯಾಟ್ ಇಟ್ಟುಕೊಂಡು ಊರಿಗೆ ಮರಳಿದವರು ಬೆಂಗಳೂರಿನಿಂದಲೇ ಮಾರಬಹುದು. ಪವರ್ ಆಫ್ ಅಟಾರ್ನಿ ಕೊಡುವುದಾದರೆ ಭಾರತದ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾದರಿ ಬೇಡ, ಇಂಗ್ಲೆಂಡಿನ ಸಾಲಿಸಿಟರ್ ಬರೆದುಕೊಟ್ಟ ಡೀಡಿಗೇ ಸಾಕ್ಷಿಯ ಎದುರು ಸಹಿ ಹಾಕಿ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ ಒಬ್ಬರೇ ಮಾಲೀಕರಿರುವಾಗಿನ ಸಾಮಾನ್ಯ ನಮೂನೆ ನಡೆಯದಿರಬಹುದು, ಯಾವ ನಮೂನೆ ಎಂದು ಮೊದಲೇ ಕೇಳಿ. ವರ್ಗಾವಣೆಯ ಹೊತ್ತಿಗೆ ಡೀಡಿಗೆ 12 ತಿಂಗಳು ದಾಟಿದ್ದರೆ ಅದು ರದ್ದಾಗಿಲ್ಲ ಎಂಬುದಕ್ಕೆ ಬೇರೆ ಪುರಾವೆ ಕೇಳುತ್ತಾರೆ, ಆದ್ದರಿಂದ ಮಾರಾಟ ಹತ್ತಿರ ಬಂದಾಗ ಬರೆಸುವುದು ಒಳಿತು. ಬ್ರಿಟನ್ನಿನ ನಿವಾಸಿಯಲ್ಲದವರು ಅಲ್ಲಿನ ಆಸ್ತಿ ಮಾರಿದರೆ ಲಾಭವಿರಲಿ ನಷ್ಟವಿರಲಿ, ತೆರಿಗೆ ಬರಲಿ ಬಾರದಿರಲಿ, ಕಂಪ್ಲೀಷನ್ ಆದ 60 ದಿನದೊಳಗೆ ಬ್ರಿಟನ್ನಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ವರದಿ ಸಲ್ಲಿಸಬೇಕು. ತಡವಾದರೆ ದಂಡ. ಸಾಲಿಸಿಟರ್ ಶುಲ್ಕದಲ್ಲಿ ಇದು ಸಾಮಾನ್ಯವಾಗಿ ಸೇರಿರುವುದಿಲ್ಲ, ಅಕೌಂಟೆಂಟರನ್ನು ಎಕ್ಸ್‌ಚೇಂಜ್‌ಗೆ ಮೊದಲೇ ಗೊತ್ತುಮಾಡಿಕೊಳ್ಳಿ. ಭಾರತದ ನಿವಾಸಿಯಾಗಿದ್ದರೆ ಅದೇ ಲಾಭವನ್ನು ಭಾರತದ ಆದಾಯ ತೆರಿಗೆ ರಿಟರ್ನ್‌ನಲ್ಲೂ ತೋರಿಸಬೇಕು, ಬ್ರಿಟನ್ನಿನಲ್ಲಿ ಕಟ್ಟಿದ್ದಕ್ಕೆ ಭಾರತದಲ್ಲಿ ವಜಾ ಪಡೆಯಲು ಎಚ್‌ಎಂಆರ್‌ಸಿ ರಸೀದಿ ಕೈಯಲ್ಲಿರಲಿ.